ಗೆರೆ ದಾಟಿದ ಮನೆ ಯಾರ ಲೆಕ್ಕಕ್ಕೆ?

ಯಾವ ಜಿಲ್ಲಾ ಕೇಂದ್ರದ ಬಸ್ ಸ್ಟ್ಯಾಂಡ್ ರಸ್ತೆಯಲ್ಲಾದರೂ ಬೆಳಿಗ್ಗೆ ಹೊತ್ತು ನಿಂತು ನೋಡಿ. ರಸ್ತೆಯ ಈ ಕಡೆ ದಿನಸಿ ಅಂಗಡಿ, ಆ ಕಡೆ ಸೈಕಲ್ ಶಾಪು. ಇಬ್ಬರು ಯಜಮಾನರೂ ಬಾಗಿಲು ತೆಗೆದು, ನೀರು ಚಿಮುಕಿಸಿ, ಒಂದೇ ಹೋಟೆಲಿನ ಕಾಫಿ ತರಿಸಿ ಕುಡೀತಾರೆ. ನಡುವೆ ಇರೋದು ಡಾಂಬರು ಕಿತ್ತ ನಲವತ್ತು ಅಡಿ ರಸ್ತೆ. ಆದರೆ ಸರ್ಕಾರದ ಕಾಗದದಲ್ಲಿ ಆ ರಸ್ತೆಯ ನಟ್ಟನಡುವೆ ಒಂದು ಗೆರೆ ಹಾದುಹೋಗಿದೆ. ಈ ಕಡೆಯದು ಒಂದು ವಾರ್ಡು, ಆ ಕಡೆಯದು ಇನ್ನೊಂದು. ಗಣತಿಗೆ ಬಂದ ಮೇಷ್ಟ್ರನ್ನು ಸೈಕಲ್ ಶಾಪಿನವರು ಕೂಗಿ ಕರೆದರೆ ಸಿಗುವ ಉತ್ತರ ಇಷ್ಟೇ: "ನಿಮ್ಮದು ನನ್ನ ಬ್ಲಾಕಿಗೆ ಬರಲ್ಲ ಯಜಮಾನ್ರೇ, ಆ ಕಡೆಯವರು ಬರ್ತಾರೆ."

ಆ ಕಡೆಯವರು ಬಂದರೆ ಸರಿ. ಅವರೂ "ಇದು ಈ ಕಡೆಯವರಿಗೆ ಸೇರಿದ್ದು" ಅಂದುಕೊಂಡು ಮೂಲೆ ತಿರುಗಿ ಹೋದರೆ? ಸೈಕಲ್ ಶಾಪು, ಅದರ ಹಿಂದಿನ ಮನೆ, ಮನೆಯೊಳಗಿನ ಆರು ಜನ, ಎಲ್ಲರೂ ದೇಶದ ಲೆಕ್ಕದಿಂದ ಮಾಯ.

ಇದು ಸುಮ್ಮನೆ ಹೆದರಿಸುವ ಮಾತಲ್ಲ. 2011ರ ಜನಗಣತಿ ಮುಗಿದ ಮೇಲೆ ಸರ್ಕಾರವೇ ಮರುತಪಾಸಣೆ ಮಾಡಿಸಿತು. ಪ್ರತಿ 1,000 ಜನಕ್ಕೆ 23 ಮಂದಿ ಎಣಿಕೆಯಿಂದ ತಪ್ಪಿಹೋಗಿದ್ದರು ಅಂತ ಅದರಲ್ಲೇ ಹೊರಬಿತ್ತು. ಒಂದು ಲಕ್ಷ ಜನರ ಊರಿಗೆ ಇದನ್ನು ಹಚ್ಚಿ ನೋಡಿದರೆ 2,300 ತಲೆ. ನಾಲ್ಕೈದು ಬೀದಿಗೆ ಬೀದಿಯೇ ಲೆಕ್ಕಕ್ಕಿಲ್ಲ ಅಂದಂತಾಯ್ತು. ತಪ್ಪುವುದಕ್ಕೆ ಕಾರಣ ಹಲವು. ಬೀಗ ಹಾಕಿದ ಮನೆ, ಗುಳೆ ಹೋದ ಕುಟುಂಬ, ಅಂಗಡಿಯ ಹಿಂದೆ ಬಾಡಿಗೆಗಿರುವವರು. ಆ ಪಟ್ಟಿಯಲ್ಲಿ ಯಾರ ಕಣ್ಣಿಗೂ ಬೀಳದ ಒಂದು ಕಾರಣವೂ ಇದೆ. ಗೆರೆ ಎಲ್ಲಿದೆ ಅನ್ನುವುದು ಎಣಿಸುವವರಿಗೂ ಗೊತ್ತಿರುವುದಿಲ್ಲ, ಎಣಿಸಿಕೊಳ್ಳುವವರಿಗೂ ಗೊತ್ತಿರುವುದಿಲ್ಲ.

ಗೆರೆಗೆ ಬಿದ್ದ ಬೀಗ

2021ರಲ್ಲಿ ಆಗಬೇಕಿದ್ದ ಜನಗಣತಿ ಕೊರೋನಾ ಹೆಸರಲ್ಲಿ ನಿಂತಿತು. ಹಲವು ಸಲ ಮುಂದೂಡಿ, ಕೊನೆಗೆ 2025ರ ಜೂನ್ 16ರಂದು ಕೇಂದ್ರ ಗೃಹ ಇಲಾಖೆ ಅಧಿಸೂಚನೆ ಹೊರಡಿಸಿತು. ಅದರಂತೆ 2027ರ ಮಾರ್ಚ್ 1ರ ಸೊನ್ನೆ ಗಂಟೆಗೆ ದೇಶದಲ್ಲಿ ಎಷ್ಟು ಜನ ಇದ್ದರು ಅನ್ನುವುದು ಲೆಕ್ಕ. ಹಿಮ ಬೀಳುವ ಪ್ರದೇಶಗಳಿಗೆ ಮಾತ್ರ 2026ರ ಅಕ್ಟೋಬರ್ 1. ಮನೆಪಟ್ಟಿಗೆ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್, ತಲೆ ಎಣಿಕೆಗೆ 2027ರ ಫೆಬ್ರವರಿ ಅಂತ ಗೊತ್ತುಮಾಡಲಾಯಿತು. ಕೇಂದ್ರ ಸಂಪುಟ ಒಪ್ಪಿದ ಖರ್ಚು 11,718 ಕೋಟಿ ರೂಪಾಯಿ. ಕೆಲಸಕ್ಕಿಳಿಯುವವರು ಸುಮಾರು 30 ಲಕ್ಷ ಮಂದಿ.

ಇದಕ್ಕೆಲ್ಲ ಮೊದಲು ಸದ್ದಿಲ್ಲದೆ ಒಂದು ಕೆಲಸ ಆಯ್ತು. 2025ರ ಡಿಸೆಂಬರ್ 31ಕ್ಕೆ ಜಿಲ್ಲೆ, ತಾಲ್ಲೂಕು, ಹಳ್ಳಿ, ಪಟ್ಟಣ ಎಲ್ಲದರ ಗಡಿಗೂ ಬೀಗ ಬಿತ್ತು. ಬದಲಾವಣೆ ಏನಿದ್ದರೂ ಅಷ್ಟರೊಳಗೆ ಮಾಡಿ ಮುಗಿಸಿ, ಆಮೇಲೆ ಗಣತಿ ಮುಗಿಯುವ ತನಕ ಕೈ ಹಚ್ಚಬೇಡಿ ಅಂತ ರಾಜ್ಯಗಳಿಗೆ ಮೊದಲೇ ಪತ್ರ ಹೋಗಿತ್ತು. ಎಣಿಸುವಾಗ ಗಡಿ ಅತ್ತಿತ್ತ ಆಡಬಾರದು, ಅದು ಸರಿಯೇ. ಆದರೆ ಬೀಗ ಹಾಕಿದ ಗೆರೆ ಎಲ್ಲಿ ಹಾದುಹೋಗಿದೆ ಅಂತ ಊರಿನ ಜನಕ್ಕೆ ತೋರಿಸಿದವರು ಯಾರು?

ಪುರಸಭೆ ಗಡಿಯಾಚೆ ನೂರಾರು ಮನೆ ಎದ್ದಿವೆ. ಅಂಚೆಯವನು ಪಟ್ಟಣದ ಹೆಸರಲ್ಲೇ ಕಾಗದ ತರುತ್ತಾನೆ, ಬಸ್ಸಿನವನು ಪಟ್ಟಣದ ಸ್ಟೇಜಿಗೇ ಟಿಕೆಟ್ ಹರೀತಾನೆ. ಗಣತಿಯಲ್ಲಿ ಮಾತ್ರ ಆ ಮನೆಗಳು ಪಕ್ಕದ ಹಳ್ಳಿಗೆ ಸೇರುತ್ತವೆ. ದೇಶದಲ್ಲಿ ಇಂಥ ಅರ್ಧ ಊರು, ಅರ್ಧ ಹಳ್ಳಿಗಳದೇ ಒಂದು ದೊಡ್ಡ ಸಂತೆ. ಜನ 5,000 ದಾಟಿ, ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಮಂದಿ ಬೇಸಾಯ ಬಿಟ್ಟು ಬೇರೆ ಕಸುಬಿನಲ್ಲಿದ್ದು, ಚದರ ಕಿಲೋಮೀಟರಿಗೆ 400 ಜನ ಇದ್ದರೆ ಅದನ್ನು ಗಣತಿಯವರು 'ಜನಗಣತಿ ಪಟ್ಟಣ' ಅಂತಾರೆ. ಆದರೆ ಆಡಳಿತ ಗ್ರಾಮ ಪಂಚಾಯ್ತಿಯದೇ. 2001ರಲ್ಲಿ ಇಂಥವು 1,362 ಇದ್ದವು, 2011ಕ್ಕೆ 3,894 ಆದವು. ಪಟ್ಟಣದ ಚರಂಡಿಯೂ ಇಲ್ಲ, ಹಳ್ಳಿಯ ಹೊಲವೂ ಇಲ್ಲ ಅನ್ನುವ ತ್ರಿಶಂಕು ಸ್ಥಿತಿ ಅವುಗಳದು.

ಚುಕ್ಕಿ ರಂಗೋಲಿ

ಹಿಂದೆಲ್ಲ ಗಣತಿದಾರರು ಕೈಯಲ್ಲೇ ನಕ್ಷೆ ಬರೀತಿದ್ದರು. ಪಕ್ಕಾ ಮನೆಗೆ ಚೌಕ, ಕಚ್ಚಾ ಮನೆಗೆ ತ್ರಿಕೋನ, ಜನ ವಾಸವಿಲ್ಲದ ಕಟ್ಟಡಕ್ಕೆ ಅಡ್ಡಗೆರೆ. ಗುಡಿ, ಬಾವಿ, ಅರಳಿಕಟ್ಟೆ ಗುರುತಿಗೆ. ಈ ಸಲ ಲೆಕ್ಕವೆಲ್ಲ ಮೊಬೈಲಿನಲ್ಲಿ. ಸುಮಾರು 700–800 ಜನಕ್ಕೆ ಒಂದು ಬ್ಲಾಕು. ಅದರ ಗೆರೆಯನ್ನು ಚಾರ್ಜ್ ಅಧಿಕಾರಿಗಳು ಕಂಪ್ಯೂಟರ್ ಪರದೆಯ ನಕ್ಷೆಯ ಮೇಲೆ ಎಳೆಯುವ ಏರ್ಪಾಡು. ಹಾಗೆ ಎಳೆದದ್ದೆಲ್ಲ ಕೂಡಿ ಒಂದು ಫೈಲು ಆಗುತ್ತೆ. ಫೈಲು ಅಂದರೆ ತಾಲ್ಲೂಕು ಕಛೇರಿಯ ಕೆಂಪು ದಾರದ ಫೈಲಲ್ಲ, ನಕ್ಷೆಯನ್ನು ಅಂಕಿ ಮಾಡಿ ಕಂಪ್ಯೂಟರಿನಲ್ಲಿ ತುಂಬಿಟ್ಟ ಕಡತ.

ಇದನ್ನು ತಿಳಿಯೋದಕ್ಕೆ ಇಂಜಿನಿಯರಿಂಗ್ ಓದಬೇಕಿಲ್ಲ. ಮನೆ ಮುಂದಿನ ಚುಕ್ಕಿ ರಂಗೋಲಿ ನೋಡಿದರೆ ಸಾಕು. ಮೊದಲು ಚುಕ್ಕಿ. ಒಂದೊಂದು ಚುಕ್ಕಿಗೂ ಅಕ್ಷಾಂಶ, ರೇಖಾಂಶ ಅಂತ ಎರಡು ಅಂಕಿ. ಚುಕ್ಕಿಯಿಂದ ಚುಕ್ಕಿಗೆ ಎಳೆದ ಗೆರೆ ಬೀದಿ. ಗೆರೆಗಳು ಸುತ್ತಿ ಬಂದು ಕೂಡಿಕೊಂಡ ಮನೆ ವಾರ್ಡು. ಗೆರೆ ಒಂದು ಕಡೆ ಕೂಡದೆ ಬಾಯಿ ಬಿಟ್ಟರೆ ಬಣ್ಣ ಆಚೆಗೆ ಚೆಲ್ಲುತ್ತೆ. ಎರಡು ಗೆರೆ ಒಂದರ ಮೇಲೊಂದು ಹತ್ತಿದರೆ ಒಂದೇ ಮನೆಗೆ ಎರಡು ಬಣ್ಣ. ಗಣತಿಯಲ್ಲೂ ಆಗೋದು ಇದೇ. ಬಾಯಿ ಬಿಟ್ಟ ಕಡೆ ಜನ ಬಿಟ್ಟುಹೋಗ್ತಾರೆ, ಗೆರೆ ಹತ್ತಿದ ಕಡೆ ಎರಡು ಸಲ ಎಣಿಕೆಯಾಗ್ತಾರೆ.

ಬೀದಿಗೂ ಇದೇ ಮಾತು. ಹಳೇ ಬಡಾವಣೆಯ ಕೊನೇ ಅಡ್ಡರಸ್ತೆ, ಹೊಸ ಬಡಾವಣೆಯ ಮೊದಲನೇ ಅಡ್ಡರಸ್ತೆ ನೆಲದ ಮೇಲೆ ಕೂಡಿರುತ್ತವೆ, ಆಟೋ ಓಡಾಡುತ್ತೆ. ಫೈಲಿನಲ್ಲಿ ಆ ಎರಡು ಗೆರೆಗಳ ತುದಿ ಒಂದೇ ಚುಕ್ಕಿಗೆ ಬಂದು ಸೇರದಿದ್ದರೆ ಕಂಪ್ಯೂಟರಿಗೆ ಅಲ್ಲಿ ದಾರಿಯೇ ಇಲ್ಲ. ಆಂಬುಲೆನ್ಸ್ ಊರೆಲ್ಲ ಸುತ್ತಿಕೊಂಡು ಬರುತ್ತೆ. ಅಂಗಡಿಗೆ ಮಾಲು ತರುವ ಹುಡುಗ ಮೊಬೈಲು ಹಿಡಿದು ಹಿತ್ತಿಲ ಗೋಡೆ ಮುಂದೆ ನಿಂತು, "ಅಣ್ಣಾ, ಅಂಗಡಿ ಎಲ್ಲಿ?" ಅಂತ ಫೋನು ಮಾಡ್ತಾನೆ. ಕಾಯುವ ಸರದಿ ಅಂಗಡಿಯವರದು.

ದೂರದವರು ಕಲಿತ ಪಾಠ

ಈ ಪಾಠವನ್ನು ಮೊದಲು ಕಲಿತವರು ಅಮೆರಿಕದ ಗಣತಿ ಇಲಾಖೆಯವರು. 1967ರಲ್ಲಿ ನ್ಯೂ ಹೇವನ್ ಅನ್ನೋ ಊರಿನಲ್ಲಿ ಪ್ರಯೋಗ ಮಾಡಿದರು. ಒಂದೊಂದು ಬೀದಿ ತುಂಡಿಗೂ ಎರಡು ತುದಿಯ ಚುಕ್ಕಿ, ಎಡಗಡೆ ಯಾವ ಬ್ಲಾಕು, ಬಲಗಡೆ ಯಾವ ಬ್ಲಾಕು, ಎಡಕ್ಕೆ ಯಾವ ಮನೆ ನಂಬರಿನಿಂದ ಯಾವ ನಂಬರಿನ ತನಕ, ಬಲಕ್ಕೆ ಎಷ್ಟರಿಂದ ಎಷ್ಟು. ಇಷ್ಟು ಬರೆದುಕೊಂಡ ಮೇಲೆ ತಪ್ಪು ಹಿಡಿಯೋದು ಸುಲಭವಾಯ್ತು. ಕಂಪ್ಯೂಟರು ಒಂದು ಬ್ಲಾಕಿನ ಸುತ್ತ ಬೀದಿ ಬೀದಿ ಹಿಡಿದು ಹೊರಟರೆ ಹೊರಟ ಚುಕ್ಕಿಗೇ ವಾಪಸು ಬರಬೇಕು. ಬರಲಿಲ್ಲ ಅಂದರೆ ಎಲ್ಲೋ ಒಂದು ಬೀದಿ ಬಿಟ್ಟುಹೋಗಿದೆ ಅಂತಲೇ ಅರ್ಥ. ಸೈಕಲ್ ಶಾಪಿನವರ ಕಥೆಗೆ ಅಲ್ಲಿ ಅಂದೇ ಮದ್ದು ಸಿಕ್ಕಿತ್ತು.

ಆದರೂ 1980ರ ಗಣತಿಯಲ್ಲಿ ಅವರೂ ಎಡವಿದರು. ಆ ಫೈಲುಗಳು ಇದ್ದದ್ದು ದೊಡ್ಡ ನಗರಗಳಿಗೆ ಮಾತ್ರ. ಜನರ ಲೆಕ್ಕದಲ್ಲಿ ನೂರಕ್ಕೆ 60 ಭಾಗ, ನೆಲದ ಲೆಕ್ಕದಲ್ಲಿ ನೂರಕ್ಕೆ 2 ಭಾಗವೂ ಇಲ್ಲ. ನಕ್ಷೆ ಒಂದು ಕಡೆ, ವಿಳಾಸದ ಪಟ್ಟಿ ಇನ್ನೊಂದು ಕಡೆ, ಬ್ಲಾಕ್ ನಂಬರು ಮತ್ತೊಂದು ಕಡೆ ತಯಾರಾಗಿ, ಒಂದಕ್ಕೊಂದು ತಾಳೆಯಾಗಲಿಲ್ಲ. 1990ರ ಗಣತಿಗೆ ಇಡೀ ದೇಶಕ್ಕೆ ಒಂದೇ ಫೈಲು ಮಾಡಿದರು. ಅದರ ಹೆಸರು ಟೈಗರ್. ಹುಲಿಗೂ ಅದಕ್ಕೂ ಸಂಬಂಧವಿಲ್ಲ, ಉದ್ದನೆ ಹೆಸರಿನ ಮೊದಲಕ್ಷರಗಳು ಅಷ್ಟೇ.

ಮುಖ್ಯವಾದದ್ದು ಆಮೇಲೆ ನಡೆದದ್ದು. ಆ ಬೀದಿ ಮತ್ತು ಗಡಿಯ ಫೈಲನ್ನು ಅಲ್ಲಿನ ಸರ್ಕಾರ ಕಪಾಟಿನಲ್ಲಿಟ್ಟು ಬೀಗ ಹಾಕಲಿಲ್ಲ. ಜನರ ದುಡ್ಡಿನಲ್ಲಿ ಆದದ್ದು, ಹಕ್ಕುಸ್ವಾಮ್ಯ ಇಲ್ಲ, ಬೇಕಾದವರು ತಗೊಳ್ಳಿ ಅಂತ ಬಿಟ್ಟಿತು. ಅದರ ಮೇಲೆ ನಕ್ಷೆ ವ್ಯಾಪಾರವೇ ಬೆಳೆಯಿತು. ಸಾರ್ವಜನಿಕರೇ ಕೂಡಿ ಬರೆಯುವ ಓಪನ್ ಸ್ಟ್ರೀಟ್ ಮ್ಯಾಪ್‌ಗೆ 2007–08ರಲ್ಲಿ ಅಮೆರಿಕದ ಬೀದಿಗಳು ಹೋದದ್ದು ಇದೇ ಫೈಲಿನಿಂದ. ಅದರಲ್ಲೂ ತಪ್ಪಿತ್ತು. ಎಷ್ಟೋ ರಸ್ತೆ ಇದ್ದ ಜಾಗ ಬಿಟ್ಟು ಪಕ್ಕಕ್ಕೆ ಸರಿದಿದ್ದವು. ಎಲ್ಲರ ಕೈಯಲ್ಲಿ ಇದ್ದದ್ದರಿಂದ ತಪ್ಪು ಎಲ್ಲರ ಕಣ್ಣಿಗೂ ಬಿತ್ತು. 1994ರಲ್ಲಿ ಅಲ್ಲಿ ಒಂದು ಕಾನೂನೂ ಬಂತು. ಗಣತಿಗೆ ಮುಂಚೆ ವಿಳಾಸದ ಪಟ್ಟಿಯನ್ನು ಊರಿನ ಆಡಳಿತದವರು ಗುಟ್ಟು ಕಾಯುವ ಷರತ್ತಿನ ಮೇಲೆ ನೋಡಿ, ಬಿಟ್ಟುಹೋದ ಮನೆ ಸೇರಿಸಿ ಅಂತ ಹೇಳಬಹುದು.

ನಮ್ಮಲ್ಲೇನು ಬುದ್ಧಿಗೆ ಬರವೇ?

ಗಡಿ ಅಳೆಯುವ ವಿದ್ಯೆ ಈ ನೆಲಕ್ಕೆ ಹೊಸದಲ್ಲ. ಶ್ರೀರಂಗಪಟ್ಟಣ ಬಿದ್ದ ಮರು ವರ್ಷ, 1800ರಲ್ಲಿ, ಲ್ಯಾಂಬ್ಟನ್ ಅನ್ನೋ ದೊರೆ ನೂರು ಅಡಿಯ ಉಕ್ಕಿನ ಸರಪಳಿ ಹಿಡಿದು ಬೆಂಗಳೂರಿನ ಹತ್ತಿರ ಮೈಸೂರು ಸೀಮೆಯ ಅಳತೆ ಶುರುಮಾಡಿದ. ಇಡೀ ಹಿಂದೂಸ್ತಾನವನ್ನು ತ್ರಿಕೋನ ತ್ರಿಕೋನವಾಗಿ ಅಳೆದ ಮಹಾ ಸರ್ವೆ ಮದರಾಸಿನಲ್ಲಿ ಶುರುವಾದದ್ದು ಅದಾದ ಮೇಲೆ, 1802ರಲ್ಲಿ. ಹಳ್ಳಿಯ ರೈತನಿಗೂ 33 ಅಡಿಗೆ 33 ಅಡಿ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ ಅನ್ನೋದು ಬಾಯಿಪಾಠ. ಬಾಂದುಕಲ್ಲು ಒಂದು ಗೇಣು ಸರಿದರೆ ಕೋರ್ಟು ಮೆಟ್ಟಿಲು ಹತ್ತುವ ಜನ ನಾವು. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಸರ್ಕಾರಿ ಖರಾಬು ಅಂತ ಚೆಕ್ಕುಬಂದಿ ಇಲ್ಲದೆ ಒಂದು ಕ್ರಯಪತ್ರವೂ ರಿಜಿಸ್ಟರ್ ಆಗಲ್ಲ. ಒಂದು ಸೈಟಿಗೆ ಇರುವ ಚೆಕ್ಕುಬಂದಿ ಒಂದು ವಾರ್ಡಿಗೆ ಯಾಕೆ ಜನರ ಬಾಯಲ್ಲಿಲ್ಲ?

ಸಾಮಾನು ಸರಂಜಾಮಿಗೂ ಕೊರತೆಯಿಲ್ಲ. ರಾಜ್ಯದ ದೂರಸಂವೇದಿ ಕೇಂದ್ರ ಬೆಂಗಳೂರಿನಲ್ಲಿದೆ. ಕಂದಾಯ ಇಲಾಖೆಯ 'ದಿಶಾಂಕ್' ಆ್ಯಪು ನಿಂತ ಜಾಗದ ಸರ್ವೆ ನಂಬರು ಹೇಳುತ್ತೆ. 2020ರಿಂದ ಹಳ್ಳಿಗಳ ಮೇಲೆ ಡ್ರೋನು ಹಾರಿಸಿ ಮನೆ ಮನೆ ಗುರುತಿಸುವ ಸ್ವಾಮಿತ್ವ ಯೋಜನೆಯೂ ನಡೆದಿದೆ. ಕೊರತೆ ಇರೋದು ಎಳೆದ ಗೆರೆಯನ್ನು ಊರವರ ಮುಂದೆ ಹಿಡಿದು "ಸರಿ ಇದೆಯೇನಪ್ಪಾ?" ಅಂತ ಕೇಳುವ ಅಭ್ಯಾಸಕ್ಕೆ.

ಕೇಳದಿದ್ದರೆ ಏನಾಗುತ್ತೆ ಅನ್ನೋದಕ್ಕೆ ದೂರ ಹೋಗಬೇಕಿಲ್ಲ. 2025ರ ಸೆಪ್ಟೆಂಬರ್ 22ರಿಂದ ರಾಜ್ಯದಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ನಡೆಯಿತು. ಕರೆಂಟಿನ ಮೀಟರು ಹಿಡಿದು ಮನೆ ಗುರುತಿಸಿ, ಬಾಗಿಲಿಗೆ ಚೀಟಿ ಅಂಟಿಸಿ, ಜಾಗವನ್ನು ನಕ್ಷೆಗೆ ಸೇರಿಸಿದ್ದರು. ಆಲೋಚನೆ ಒಳ್ಳೆಯದೇ. ಆದರೆ ಆ್ಯಪು ತೋರಿಸಿದ ಕಡೆ ಮನೆ ಸಿಗ್ತಿಲ್ಲ, ಒಬ್ಬರಿಗೇ ಊರಿನ ಈ ಮೂಲೆ ಆ ಮೂಲೆ ಮನೆಗಳು ಬಂದಿವೆ ಅಂತ ಮೇಷ್ಟ್ರುಗಳು, ಟೀಚರಮ್ಮಂದಿರು ನಾನಾ ಜಿಲ್ಲೆಗಳಲ್ಲಿ ಗೋಳು ತೋಡಿಕೊಂಡರು. ಹದಿನೈದು ದಿನದ ಕೆಲಸಕ್ಕೆ ಗಡುವು ವಿಸ್ತರಿಸಬೇಕಾಯ್ತು. ಯಂತ್ರ ಹೇಳಿದ ಚುಕ್ಕಿಯನ್ನು ಬೀದಿಯಲ್ಲಿ ನಡೆದು ತಾಳೆ ನೋಡದಿದ್ದರೆ ಆಗೋದೇ ಹೀಗೆ.

ಹರಪನಹಳ್ಳಿ ಬಸ್ಸಿನ ಬೋರ್ಡು

ಗಡಿ ಬದಲಾದರೆ ಲೆಕ್ಕ ಹೇಗೆ ಕಲಸುಮೇಲೋಗರ ಆಗುತ್ತೆ ಅನ್ನೋದಕ್ಕೆ ಹರಪನಹಳ್ಳಿಗಿಂತ ಸಾಕ್ಷಿ ಬೇಕಿಲ್ಲ. ಬಳ್ಳಾರಿ ಜಿಲ್ಲೆಯಲ್ಲಿದ್ದ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಹೋಯ್ತು. 371-ಜೆ ಸವಲತ್ತಿಗಾಗಿ ಜನ ಹೋರಾಡಿದ ಮೇಲೆ 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಅಲ್ಲಿಗೆ ಸೇರಿತು. ಜನ ಅಲ್ಲೇ ಇದ್ದಾರೆ, ಕೆರೆ ಅಲ್ಲೇ ಇದೆ, ಗೆರೆ ಮಾತ್ರ ಮೂರು ಸಲ ಹಾರಿತು.

ಈಗ 2011ರ ಪುಸ್ತಕ ತೆಗೆದು ನೋಡಿ. ಹರಪನಹಳ್ಳಿ ದಾವಣಗೆರೆಯ ಲೆಕ್ಕದಲ್ಲಿದೆ. 2027ರ ಪುಸ್ತಕದಲ್ಲಿ ವಿಜಯನಗರದಲ್ಲಿ ಇರುತ್ತೆ. ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟು, ದಾವಣಗೆರೆಯಲ್ಲಿ ಜನ ಹೆಚ್ಚಿದರೋ ಕಡಿಮೆಯಾದರೋ ಅಂತ ಕೂಡಿ ಕಳೆದವನು ಮೋಸ ಹೋದ. ಹಳೇ ಗೆರೆ, ಹೊಸ ಗೆರೆ ಎರಡರ ಫೈಲೂ ಕೈಯಲ್ಲಿದ್ದು, ಯಾವ ಹಳ್ಳಿ ಎಲ್ಲಿಂದ ಎಲ್ಲಿಗೆ ಹೋಯ್ತು ಅನ್ನೋ ಪಟ್ಟಿ ಇದ್ದರೆ ಮಾತ್ರ ನಿಜ ತಿಳಿಯುತ್ತೆ. 2011ರಲ್ಲಿ ರಾಜ್ಯದಲ್ಲಿ 30 ಜಿಲ್ಲೆ, 176 ತಾಲ್ಲೂಕು ಇದ್ದವು. ಆಮೇಲೆ ಹತ್ತಾರು ಹೊಸ ತಾಲ್ಲೂಕು ಎದ್ದಿವೆ, ಒಂದು ಜಿಲ್ಲೆ ಹುಟ್ಟಿದೆ, ರಾಮನಗರ ಜಿಲ್ಲೆಯ ಹೆಸರೇ 2025ರಲ್ಲಿ ಬೆಂಗಳೂರು ದಕ್ಷಿಣ ಆಗಿದೆ. ಆಗ 198 ವಾರ್ಡಿನ ಒಂದೇ ಪಾಲಿಕೆಯಿದ್ದ ಬೆಂಗಳೂರು 2025ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆ ಆಗಿ ಒಡೆದಿದೆ. ಗೆರೆಯ ಚರಿತ್ರೆ ಇಟ್ಟುಕೊಳ್ಳದೆ ಅಂಕಿಯ ಚರಿತ್ರೆ ಬರೆಯೋಕೆ ಆಗಲ್ಲ.

ಅಂಗಡಿಯವರಿಗೇನು, ಬಸ್ಸಿನವರಿಗೇನು?

"ನಮಗ್ಯಾಕೆ ಸ್ವಾಮಿ ಈ ಉಸಾಬರಿ?" ಅಂತ ಕೇಳುವವರಿಗೆ ಉತ್ತರ ಅಕ್ಕಿಯಲ್ಲಿದೆ. 2013ರ ಆಹಾರ ಭದ್ರತಾ ಕಾಯಿದೆ ದೇಶದ ಹಳ್ಳಿಗರಲ್ಲಿ ನೂರಕ್ಕೆ 75, ಪಟ್ಟಣಿಗರಲ್ಲಿ ನೂರಕ್ಕೆ 50 ಮಂದಿಯ ತನಕ ಪಡಿತರ ಅನ್ನುತ್ತೆ. ಯಾವುದು ಹಳ್ಳಿ, ಯಾವುದು ಪಟ್ಟಣ, ಎಷ್ಟು ಜನ ಅನ್ನೋದಕ್ಕೆ ಆಧಾರ ಜನಗಣತಿ. ಪುರಸಭೆ ವಾರ್ಡು ವಿಂಗಡಣೆಗೆ ಆಧಾರ ಜನಗಣತಿ. ಪರಿಶಿಷ್ಟರಿಗೆ ಎಷ್ಟು ಸೀಟು ಮೀಸಲು ಅನ್ನೋದಕ್ಕೆ ಆಧಾರ ಜನಗಣತಿ. 15ನೇ ಹಣಕಾಸು ಆಯೋಗ ರಾಜ್ಯಗಳಿಗೆ ಹಣ ಹಂಚುವಾಗ 2011ರ ಜನಸಂಖ್ಯೆಯನ್ನೂ ತೂಕಕ್ಕೆ ಇಟ್ಟಿತು. ಗೆರೆಯಾಚೆ ಬಿಟ್ಟುಹೋದ ಬೀದಿ ಹತ್ತು ವರ್ಷ ಇವೆಲ್ಲದರಿಂದಲೂ ಬಿಟ್ಟುಹೋದಂತೆ. ಹತ್ತು ವರ್ಷ ಅನ್ನೋದೂ ಹೆಸರಿಗೆ. ಈ ಸಲ ಹದಿನಾರು ಆಯ್ತು.

ಮನೆಪಟ್ಟಿಯಲ್ಲಿ ಬರೆಯೋದು ವಾಸದ ಮನೆ ಮಾತ್ರ ಅಲ್ಲ. ಅಂಗಡಿ, ಹೋಟೆಲು, ಗೋಡೌನು ಎಲ್ಲಕ್ಕೂ ನಂಬರು ಬೀಳುತ್ತೆ, ಕಟ್ಟಡದ ಉಪಯೋಗ ಏನು ಅಂತ ದಾಖಲಾಗುತ್ತೆ. ಯಾವ ರಸ್ತೆಯಲ್ಲಿ ಎಷ್ಟು ವ್ಯಾಪಾರ, ಯಾವ ಬಡಾವಣೆಯಲ್ಲಿ ಎಷ್ಟು ಸಂಸಾರ ಅನ್ನೋದು ಬೀದಿ ನಕ್ಷೆಯ ಜೊತೆ ಕೂಡಿದರೆ, ಟೌನ್ ಬಸ್ಸು ಯಾವ ದಾರಿಗೆ ಹಾಕಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಯಾರನ್ನೂ ಕೇಳಬೇಕಿಲ್ಲ. ಈಗ ಸ್ಟಾಪು ಬೀಳೋದು ಯಾರ ಮನೆ ಹತ್ತಿರ ಅಂತ ದಿನಾ ನೇತಾಡಿಕೊಂಡು ಹೋಗುವವರಿಗೆ ಗೊತ್ತು.

ಗುಟ್ಟು ಯಾವುದು, ಬಯಲು ಯಾವುದು

ನಕ್ಷೆ ಬಯಲಿಗಿಟ್ಟರೆ ಜನರ ಗುಟ್ಟು ರಟ್ಟಾಗುತ್ತೆ ಅಂತ ಅಧಿಕಾರಿಗಳು ರಾಗ ತೆಗೆಯಬಹುದು. 1948ರ ಜನಗಣತಿ ಕಾಯಿದೆಯಂತೆ ಒಬ್ಬೊಬ್ಬರು ಕೊಟ್ಟ ಮಾಹಿತಿ ಗುಟ್ಟು, ಕೋರ್ಟಿಗೂ ಸಾಕ್ಷಿಯಾಗಿ ಹೋಗಲ್ಲ. ಅದು ಹಾಗೇ ಇರಬೇಕು. ಯಾವ ಮನೆ ಯಾವ ಚುಕ್ಕಿ ಅನ್ನೋದನ್ನೂ ಬೀಗದಲ್ಲೇ ಇಡಲಿ, ಅದು ಬಯಲಾದರೆ ಸಾಲದ ಏಜೆಂಟನಿಂದ ಪುಂಡನ ತನಕ ಎಲ್ಲರಿಗೂ ದಾರಿಯಾಗುತ್ತೆ. ಆದರೆ ವಾರ್ಡಿನ ಗೆರೆಯೊಳಗೆ ಯಾರ ಹೆಸರೂ ಇಲ್ಲ. ಬೀದಿ ಎಲ್ಲರೂ ನಡೆಯುವ ಬೀದಿ. ಅದನ್ನು ಮುಚ್ಚಿಟ್ಟು ಯಾರನ್ನು ಕಾಪಾಡಿದಂತಾಯ್ತು? 2021ರ ಫೆಬ್ರವರಿ 15ರಂದು ಕೇಂದ್ರ ಸರ್ಕಾರವೇ ನಕ್ಷೆಯ ಮೇಲಿದ್ದ ಲೈಸೆನ್ಸು ಪದ್ಧತಿ ಸಡಿಲಿಸಿ, ಸರ್ಕಾರಿ ದುಡ್ಡಿನಲ್ಲಿ ಆದ ನಕ್ಷೆ ಮಾಹಿತಿ, ಭದ್ರತೆಗೆ ಸಂಬಂಧಿಸಿದ್ದು ಬಿಟ್ಟು, ದೇಶದವರ ಕೈಗೆ ಸುಲಭವಾಗಿ ಸಿಗಬೇಕು ಅಂತ ಮಾರ್ಗಸೂಚಿ ಹೊರಡಿಸಿದೆ. ಡೆಲ್ಲಿಯಲ್ಲಿ ಬರೆದದ್ದು ತಾಲ್ಲೂಕು ಕಛೇರಿಯ ಕಿಟಕಿಯ ತನಕ ಬರಲಿ ಅನ್ನೋದಷ್ಟೇ ಕೋರಿಕೆ.

ಆಗಬೇಕಾದದ್ದು ದೊಡ್ಡ ಕೆಲಸವೇನಲ್ಲ. ಪ್ರತಿ ವಾರ್ಡಿನ ನಕ್ಷೆ, ಕೆಳಗೆ ಕನ್ನಡದಲ್ಲಿ ನಾಲ್ಕು ದಿಕ್ಕಿನ ಚೆಕ್ಕುಬಂದಿ, ಪುರಸಭೆ ಗೋಡೆಗೆ, ಬಸ್ ಸ್ಟ್ಯಾಂಡಿಗೆ, ನ್ಯಾಯಬೆಲೆ ಅಂಗಡಿಗೆ ಅಂಟಿಸಿ. ಎರಡು ಬ್ಲಾಕು ಕೂಡುವ ರಸ್ತೆಯನ್ನು ಎರಡೂ ಕಡೆಯ ಗಣತಿದಾರರು ಒಂದು ದಿನ ಒಟ್ಟಿಗೆ ನಡೆಯಲಿ. ಜೊತೆಗೆ ಅಂಚೆಯವನನ್ನೋ, ನೀರು ಬಿಡುವವನನ್ನೋ ಕರೆದುಕೊಳ್ಳಲಿ, ಊರಿನ ಸಂದಿಗೊಂದಿ ಅವರಷ್ಟು ಬಲ್ಲವರು ಯಾರೂ ಇಲ್ಲ. ಗಡಿಯಾಚೆಯ ಹೊಸ ಬಡಾವಣೆಗಳು ಯಾವ ಬ್ಲಾಕಿಗೆ ಸೇರಿವೆ ಅಂತ ಪಟ್ಟಿ ಪ್ರಕಟಿಸಿ. ಎಣಿಕೆ ಮುಗಿದ ಮೇಲೆ ಅಂಕಿಯ ಜೊತೆಗೇ ಗೆರೆ ಮತ್ತು ಬೀದಿಯ ಫೈಲು, 2011ರ ಗೆರೆಯೊಡನೆ ತಾಳೆಪಟ್ಟಿ, ಯಾವ ಶಾಲೆಯ ಹುಡುಗನೂ ಇಳಿಸಿಕೊಳ್ಳುವಂತೆ ಬಿಟ್ಟಿಯಾಗಿ ಸಿಗಲಿ.

ಜನರದೂ ಒಂದು ಪಾಲಿದೆ. 2027ರ ಫೆಬ್ರವರಿಯ ಎಣಿಕೆಯಲ್ಲಿ ಮೇಷ್ಟ್ರು ಎದುರು ಮನೆಗೆ ಬಂದು ಹೋದ ಮೇಲೂ ನಿಮ್ಮ ಬಾಗಿಲು ತಟ್ಟಿದವರು ಯಾರೂ ಇಲ್ಲ ಅಂದರೆ ಸುಮ್ಮನೆ ಕೂರಬೇಡಿ. ಓಡಿಹೋಗಿ ಹಿಡಿದು, "ನಿಮ್ಮ ಬ್ಲಾಕಿನ ಚೆಕ್ಕುಬಂದಿ ಏನು ಮೇಷ್ಟ್ರೇ? ನಮ್ಮದು ಯಾರ ಪಾಲಿಗೆ?" ಅಂತ ಕೇಳಿ, ಆ ಕಡೆಯವರ ಹೆಸರು ಬರೆದುಕೊಳ್ಳಿ. ತಹಶೀಲ್ದಾರರು, ಪುರಸಭೆಯ ಮುಖ್ಯಾಧಿಕಾರಿಗಳು ತಮ್ಮ ಕಂಪ್ಯೂಟರಿನೊಳಗಿರುವ ಗೆರೆಯನ್ನು ಅದಕ್ಕೆ ಮುಂಚೆಯೇ ಒಂದು ಸಲ ಬೀದಿಗೆ ತಂದು ತೋರಿಸಲಿ. ಸೈಕಲ್ ಶಾಪಿನ ಹಿಂದಿನ ಮನೆಯ ಆರು ಜನರೂ ಕಾಯ್ತಿದ್ದಾರೆ.